ಭೂಮಿಯೊಳಗಿನ ಗಡಿ ಗುರುತಿಸಿದ ಕಮ್ಮಾರನ ಮಗ

ಧನ್ವಾಡ: ಬೋರ್ ಹಾಕಿಸಿದ ರೈತನಿಗೆ ನೆಲದೊಳಗೆ ಏನಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಮೇಲೆ ಒಂದಿಷ್ಟು ಮಣ್ಣು, ಅದರ ಕೆಳಗೆ ಮೊರಂ, ಆಮೇಲೆ ಕಲ್ಲು. ಇನ್ನೂರು ಅಡಿ, ನಾನೂರು ಅಡಿ, ಸಾಲ ಸಿಕ್ಕರೆ ಎಂಟುನೂರು ಅಡಿ. ಎಷ್ಟು ಇಳಿದರೂ ಬಿಳಿ ಪುಡಿ ಹಾರಿಸುತ್ತಾ ಕಲ್ಲೇ ಬರುತ್ತದೆ. ಧನ್ವಾಡ, ಮರಿಕಲ್, ನಾರಾಯಣಪೇಟೆ, ಮಕ್ತಲ್ ಕಡೆಯ ಹೊಲಗಳಲ್ಲಿ ಇದು ಎಲ್ಲರೂ ಕಂಡ ನೋಟ. ಹಾಗಾದರೆ ಈ ಕಲ್ಲು ಎಲ್ಲಿಯವರೆಗೆ ಇದೆ? ಅದಕ್ಕೊಂದು ಕೊನೆ ಉಂಟೇ?

ಉಂಟು. ನಮ್ಮ ಭಾಗದಲ್ಲಿ ಅದು ಸುಮಾರು 35 ಕಿ.ಮೀ. ಆಳದಲ್ಲಿದೆ. ಅಡಿ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲಕ್ಷ ಅಡಿಗೂ ಹೆಚ್ಚು. ಅಲ್ಲಿಗೆ ಈವರೆಗೆ ಯಾರೂ ಹೋಗಿಲ್ಲ, ಯಾವ ಯಂತ್ರವೂ ಮುಟ್ಟಿಲ್ಲ. ಕರ್ನಾಟಕದ ಹೆಮ್ಮೆಯಾಗಿದ್ದ ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಮೂರು ಕಿ.ಮೀ. ಆಳ ದಾಟಿತ್ತು, ಅಷ್ಟೇ. ರಷ್ಯಾದ ಕೋಲಾ ಎಂಬಲ್ಲಿ ವಿಜ್ಞಾನಕ್ಕಾಗಿಯೇ ಕೊರೆದ ರಂಧ್ರ 1989ರಲ್ಲಿ 12 ಕಿ.ಮೀ. ಮುಟ್ಟಿ ಅಲ್ಲಿಗೇ ನಿಂತಿತು.

ಆದರೂ 35 ಕಿ.ಮೀ. ಎಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಹೇಗೆ? ಈ ಪ್ರಶ್ನೆಯ ಹಿಂದೆ ಹೊರಟರೆ ಸಿಗುವ ಹೆಸರು ಆಂದ್ರಿಯ ಮೊಹೊರೊವಿಚಿಚ್. ನಾಲಿಗೆಗೆ ಸ್ವಲ್ಪ ಕಷ್ಟದ ಹೆಸರು. ಅದಕ್ಕೇ ಜಗತ್ತಿನ ವಿಜ್ಞಾನಿಗಳೂ ಅದನ್ನು ಮೊಟಕು ಮಾಡಿ ಮೊಹೊ ಎಂದು ಬಿಟ್ಟಿದ್ದಾರೆ. ನಮ್ಮ ಪುರಾಣ ಪ್ರವಚನಗಳಲ್ಲಿ ಬಿಡು ಬಿಡು ಎಂದು ಹೇಳುವ ಮೋಹಕ್ಕೂ ಇದಕ್ಕೂ ಸಂಬಂಧವಿಲ್ಲ!

ಗಡಿನಾಡಿನ ಹುಡುಗ

ಮೊಹೊರೊವಿಚಿಚ್ ಹುಟ್ಟಿದ್ದು 1857ರ ಜನವರಿ 23ರಂದು, ಏಡ್ರಿಯಾಟಿಕ್ ಸಮುದ್ರದ ದಂಡೆಯ ವೊಲೊಸ್ಕೊ ಎಂಬ ಸಣ್ಣ ಊರಿನಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಭಾಗ. ಮೊದಲ ಮಹಾಯುದ್ಧ ಮುಗಿದ ಮೇಲೆ ಇಟಲಿಗೆ ಸೇರಿತು, ಎರಡನೆಯ ಮಹಾಯುದ್ಧದ ನಂತರ ಯುಗೋಸ್ಲಾವಿಯಾಕ್ಕೆ ಬಂತು, 1991ರಿಂದ ಕ್ರೊವೇಷಿಯಾ ದೇಶದಲ್ಲಿದೆ. ಊರು ಇದ್ದಲ್ಲೇ ಇತ್ತು, ಅದರ ಮೇಲಿನ ಬಾವುಟ ಮಾತ್ರ ಬದಲಾಗುತ್ತಾ ಹೋಯಿತು. ನಿಜಾಮರ ಕಾಲ, ಹೈದರಾಬಾದ್ ರಾಜ್ಯ, 1956ರ ನಂತರ ಆಂಧ್ರ ಪ್ರದೇಶ, 2014ರಿಂದ ತೆಲಂಗಾಣ, 2019ರಿಂದ ನಾರಾಯಣಪೇಟೆ ಜಿಲ್ಲೆ ಎಂದು ವಿಳಾಸ ಬದಲಿಸುತ್ತಾ ಬಂದ ನಮ್ಮ ಊರುಗಳ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂದೆ ಕಮ್ಮಾರರು. ಹಡಗುಗಳಿಗೆ ಲಂಗರು ಮಾಡಿಕೊಡುವುದು ಅವರ ಕಸುಬು. ಮಗನಿಗೂ ತಂದೆಯ ಹೆಸರನ್ನೇ ಇಟ್ಟಿದ್ದರು. ಹುಡುಗ ಹುಟ್ಟಿದ ಸ್ವಲ್ಪ ಕಾಲಕ್ಕೇ ತಾಯಿ ತೀರಿಕೊಂಡರು. ತಾಯಿಯಿಲ್ಲದ ಮಗು, ಕುಲುಮೆಯ ಮನೆ, ಎದುರಿಗೆ ಸಮುದ್ರ. ಓದಿನಲ್ಲಿ ಮುಂದೆ ಬರಲು ಹೇಳಿ ಮಾಡಿಸಿದ ಪರಿಸ್ಥಿತಿಯೇನೂ ಅಲ್ಲ.

ಆದರೆ ಬಂದರಿನ ಊರಲ್ಲಿ ಬೆಳೆದದ್ದಕ್ಕೆ ಒಂದು ಲಾಭವಾಯಿತು. ಹದಿನೈದು ವರ್ಷ ತುಂಬುವ ಹೊತ್ತಿಗೆ ಮನೆಮಾತಿನ ಜೊತೆ ಇಟಾಲಿಯನ್, ಇಂಗ್ಲಿಷ್, ಫ್ರೆಂಚ್ ಕಲಿತಿದ್ದ. ಮುಂದೆ ಜರ್ಮನ್, ಝೆಕ್, ಲ್ಯಾಟಿನ್, ಗ್ರೀಕ್ ಕೂಡ ಸೇರಿಕೊಂಡವು. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಆಡುವುದು ಗಡಿ ಭಾಗದವರ ಹಣೆಬರಹ ಎಂದು ಕೆಲವರು ಬೇಸರಪಟ್ಟುಕೊಳ್ಳುವುದುಂಟು. ಈ ಹುಡುಗನ ಬದುಕಿನಲ್ಲಿ ಅದೇ ದೊಡ್ಡ ಬಂಡವಾಳವಾಯಿತು. ಹೇಗೆ ಎಂಬುದು ಮುಂದೆ ಬರುತ್ತದೆ.

ಪಕ್ಕದ ರಿಯೆಕಾ ನಗರದಲ್ಲಿ ಶಾಲೆ ಮುಗಿಸಿ, 1875ರಲ್ಲಿ ಪ್ರಾಗ್ ವಿಶ್ವವಿದ್ಯಾಲಯಕ್ಕೆ ಗಣಿತ ಮತ್ತು ಭೌತಶಾಸ್ತ್ರ ಓದಲು ಹೋದರು. ಅಲ್ಲಿ ಪಾಠ ಹೇಳಿದವರಲ್ಲಿ ಅರ್ನ್ಸ್ಟ್ ಮಾಕ್ ಒಬ್ಬರು. ಶಬ್ದದ ವೇಗಕ್ಕಿಂತ ಜೋರಾಗಿ ಹಾರುವ ವಿಮಾನಗಳ ವೇಗವನ್ನು ಇಂದಿಗೂ ಆ ಮಾಕ್ ಅವರ ಹೆಸರಿನಿಂದಲೇ ಅಳೆಯುತ್ತಾರೆ. ಅಲೆ, ವೇಗ, ಮಾಧ್ಯಮ ಎಂಬ ಮಾತುಗಳು ಮೊಹೊರೊವಿಚಿಚ್ ಅವರ ಕಿವಿಗೆ ಬಿದ್ದದ್ದು ಅಂಥ ಗುರುಗಳಿಂದ.

ಮೋಡ ನೋಡುವ ಮೇಷ್ಟ್ರು

ಓದು ಮುಗಿದ ಮೇಲೆ ಸಿಕ್ಕಿದ್ದು ಮೇಷ್ಟ್ರ ಕೆಲಸ. ಮೊದಲು ಝಾಗ್ರೆಬ್, ನಂತರ ಒಸಿಯೆಕ್, 1882ರಿಂದ ಬಾಕರ್ ಎಂಬ ಬಂದರಿನ ನಾವಿಕ ಶಾಲೆ. ಅಲ್ಲಿ ಒಂಬತ್ತು ವರ್ಷ ಕಳೆದರು. ಹಡಗಿನ ಕಪ್ತಾನರೊಬ್ಬರ ಮಗಳು ಸಿಲ್ವಿಯಾ ಅವರನ್ನು ಮದುವೆಯಾದರು. ನಾಲ್ವರು ಗಂಡುಮಕ್ಕಳಾದರು.

ನಾವಿಕ ಹುಡುಗರಿಗೆ ಗಾಳಿ, ಮೋಡ, ಮಳೆಯ ಪಾಠ ಹೇಳಬೇಕಿತ್ತು. ಪುಸ್ತಕದಲ್ಲಿದ್ದುದನ್ನು ಓದಿ ಹೇಳಿ ಸಂಬಳ ತೆಗೆದುಕೊಂಡರೆ ಯಾರೂ ಕೇಳುವವರಿರಲಿಲ್ಲ. ಇವರು ಹಾಗೆ ಮಾಡಲಿಲ್ಲ. 1887ರಲ್ಲಿ ಬಾಕರ್‌ನಲ್ಲೇ ಒಂದು ಹವಾಮಾನ ಕೇಂದ್ರ ಹುಟ್ಟುಹಾಕಿದರು. ಮೋಡ ಅಡ್ಡಡ್ಡ ಎಷ್ಟು ವೇಗವಾಗಿ ಓಡುತ್ತದೆ, ಮೇಲೆ ಕೆಳಗೆ ಎಷ್ಟು ಚಲಿಸುತ್ತದೆ ಎಂದು ಅಳೆಯುವ ಉಪಕರಣವನ್ನೂ ತಾವೇ ರೂಪಿಸಿಕೊಂಡರು. ಆ ತೀರದಲ್ಲಿ ಬೋರಾ ಎಂಬ ಕೊರೆಯುವ ಚಳಿಗಾಳಿ ಬೆಟ್ಟದ ಕಡೆಯಿಂದ ಸಮುದ್ರಕ್ಕೆ ನುಗ್ಗುತ್ತದೆ. ಅದು ಬೀಸುವಾಗ ಆಕಾಶದಲ್ಲಿ ಗಾಳಿ ಮಲಗಿಸಿದ ಗಾಣದಂತೆ ಅಡ್ಡಲಾಗಿ ಸುತ್ತುವುದನ್ನು ಅವರು ಗಮನಿಸಿ ಬರೆದಿಟ್ಟರು. ಇಂಥ ಸುಳಿಯನ್ನು ಜಗತ್ತಿನಲ್ಲಿ ಮೊದಮೊದಲು ವಿವರಿಸಿದವರಲ್ಲಿ ಅವರೂ ಒಬ್ಬರು.

1893ರಲ್ಲಿ ಅವರಿಗೆ ಡಾಕ್ಟರೇಟ್ ಬಂದದ್ದೂ ಮೋಡಗಳ ಮೇಲಿನ ಕೆಲಸಕ್ಕೇ. ಅಂದರೆ ಮುಂದೆ ನೆಲದಾಳದ ಗುಟ್ಟು ಬಿಡಿಸಲಿದ್ದವರು ನಡುವಯಸ್ಸಿನವರೆಗೂ ಕತ್ತೆತ್ತಿ ಆಕಾಶ ನೋಡುತ್ತಿದ್ದರು!

ಅಷ್ಟರಲ್ಲಿ 1891ರಲ್ಲಿ ಝಾಗ್ರೆಬ್‌ಗೆ ವರ್ಗವಾಗಿ ಬಂದಿದ್ದರು. ಮರುವರ್ಷ ಗ್ರಿಚ್ ಎಂಬ ದಿಬ್ಬದ ಮೇಲಿನ ಹವಾಮಾನ ವೀಕ್ಷಣಾಲಯದ ಮುಖ್ಯಸ್ಥರಾದರು. ಅದೇ 1892ರ ಮೇ ತಿಂಗಳಲ್ಲಿ ನೊವ್ಸ್ಕಾ ಎಂಬಲ್ಲಿ ಎದ್ದ ಸುಂಟರಗಾಳಿ ಜನ ತುಂಬಿದ್ದ ರೈಲು ಡಬ್ಬಿಯನ್ನೇ ಎತ್ತಿ ಎಸೆದಿತ್ತು. ಅದರ ಅಧ್ಯಯನವನ್ನೂ ಮಾಡಿದರು. ಆಲಿಕಲ್ಲಿನಿಂದ ಬೆಳೆ ಉಳಿಸುವುದು ಹೇಗೆ, ಬೋರಾ ಗಾಳಿಯ ಬಲವನ್ನು ಕೆಲಸಕ್ಕೆ ಹಚ್ಚಬಹುದೇ ಎಂಬ ಯೋಚನೆಗಳೂ ಅವರ ತಲೆಯಲ್ಲಿದ್ದವು. ಗಾಳಿ ವಿದ್ಯುತ್ತಿನ ಫ್ಯಾನುಗಳು ಎಲ್ಲೆಡೆ ತಿರುಗುತ್ತಿರುವ ಈ ಕಾಲದಲ್ಲಿ ನೆನೆದರೆ ಅಚ್ಚರಿಯಾಗುತ್ತದೆ. 1901ರಲ್ಲಿ ಇಡೀ ಕ್ರೊವೇಷಿಯಾ ಮತ್ತು ಸ್ಲಾವೋನಿಯಾ ಪ್ರಾಂತ್ಯದ ಹವಾಮಾನ ಸೇವೆ ಅವರ ಹೆಗಲಿಗೆ ಬಿತ್ತು.

ಎರವಲು ಯಂತ್ರ, ನಕ್ಷತ್ರದ ಗಡಿಯಾರ

ಝಾಗ್ರೆಬ್‌ಗೆ ಭೂಕಂಪ ಹೊಸದಲ್ಲ. 1880ರ ನವೆಂಬರ್ 9ರಂದು ಬಂದ ಕಂಪನ ನಗರದ ಮನೆಗಳನ್ನೂ ದೊಡ್ಡ ಚರ್ಚನ್ನೂ ಜಖಂ ಮಾಡಿತ್ತು. ಆಗ ಮೊಹೊರೊವಿಚಿಚ್ 23 ವರ್ಷದ ಹೊಸ ಮೇಷ್ಟ್ರು. ಇಪ್ಪತ್ತು ವರ್ಷ ಕಳೆದರೂ ಝಾಗ್ರೆಬ್‌ನಲ್ಲಿ ಭೂಕಂಪ ಅಳೆಯುವ ಒಳ್ಳೆಯ ಯಂತ್ರ ಒಂದೂ ಇರಲಿಲ್ಲ. ಕೊನೆಗೆ 1906ರಲ್ಲಿ ಬುಡಾಪೆಸ್ಟ್‌ನಿಂದ ಒಂದು ಸೀಸ್ಮೋಗ್ರಾಫ್ ಎರವಲು ತಂದು ನಿಲ್ಲಿಸಿದರು. ಅದು ಸಾಲದೆಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಜರ್ಮನಿಯ ವೀಖರ್ಟ್ ಮಾದರಿಯ ಯಂತ್ರಗಳು ಆ ಕಾಲದಲ್ಲಿ ಎಲ್ಲಕ್ಕಿಂತ ಉತ್ತಮ. 1908ರಲ್ಲಿ 80 ಕಿಲೋ ತೂಕದ ಲೋಲಕವುಳ್ಳದ್ದು, 1909ರಲ್ಲಿ 1000 ಕಿಲೋ ತೂಕದ್ದು ಬಂದವು.

ಸಾವಿರ ಕಿಲೋ ಯಾಕೆ ಎಂದು ಕೇಳಬಹುದು. ಬಸ್ಸು ಒಮ್ಮೆಲೇ ಮುಂದಕ್ಕೆ ಜಗ್ಗಿದರೆ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಅದೇ ತತ್ವ. ನೆಲ ಅಲುಗುತ್ತದೆ, ಆದರೆ ಭಾರದ ಗುಂಡು ತಕ್ಷಣ ಅಲುಗುವುದಿಲ್ಲ. ಎರಡರ ನಡುವಿನ ವ್ಯತ್ಯಾಸವನ್ನು ಒಂದು ಸೂಜಿ, ಮಸಿ ಹಿಡಿಸಿದ ಕಾಗದದ ಮೇಲೆ ಗೀರುತ್ತಾ ಹೋಗುತ್ತದೆ. ಕಾಗದ ಉರುಳೆಯ ಮೇಲೆ ಸುತ್ತುತ್ತಿರುತ್ತದೆ. ಯಾವ ಕ್ಷಣ ಯಾವ ಗೀರು ಎಂಬುದೇ ಎಲ್ಲದರ ಜೀವಾಳ.

ಇಲ್ಲಿಯೇ ಅವರ ಹಟ ಕಾಣುವುದು. ಗಡಿಯಾರ ಒಂದೆರಡು ಸೆಕೆಂಡು ಹಿಂದುಮುಂದಾದರೂ ಲೆಕ್ಕವೆಲ್ಲ ಹಾಳು. ರೇಡಿಯೋ ಇಲ್ಲ, ಉಪಗ್ರಹ ಇಲ್ಲ. ರಾತ್ರಿ ನಕ್ಷತ್ರಗಳು ನೆತ್ತಿಯ ಗೆರೆ ದಾಟುವುದನ್ನು ನೋಡಿ ಗಡಿಯಾರ ಸರಿಪಡಿಸುವ ವ್ಯವಸ್ಥೆ ಮಾಡಿಕೊಂಡರು. ಸಣ್ಣ ಪ್ರಾಂತ್ಯದ ಸಣ್ಣ ಕಚೇರಿಯೊಂದು ಯೂರೋಪಿನ ದೊಡ್ಡ ಕೇಂದ್ರಗಳ ಸಾಲಿಗೆ ಬಂದು ನಿಂತದ್ದು ಇಂಥ ಪರಿಶ್ರಮದಿಂದ. ಹಣ ಕಡಿಮೆ ಇತ್ತು, ಶಿಸ್ತು ಕಡಿಮೆ ಇರಲಿಲ್ಲ.

1909ರ ಅಕ್ಟೋಬರ್ 8

ಯಂತ್ರ ಸಿದ್ಧವಾದ ವರ್ಷವೇ ಭೂಮಿ ಅವರ ಬಾಗಿಲು ತಟ್ಟಿತು. 1909ರ ಅಕ್ಟೋಬರ್ 8ರಂದು ಹಗಲು ಹನ್ನೊಂದರ ಹೊತ್ತಿಗೆ ಝಾಗ್ರೆಬ್‌ನಿಂದ ಸುಮಾರು 40 ಕಿ.ಮೀ. ದೂರದ ಕುಪಾ ನದಿ ಕಣಿವೆಯ ಪೊಕುಪ್ಸ್ಕೊ ಎಂಬಲ್ಲಿ ನೆಲ ನಡುಗಿತು. ಮನೆಗಳು ಬಿರುಕು ಬಿಟ್ಟವು. ಮೊಹೊರೊವಿಚಿಚ್ ತಮ್ಮ ಯಂತ್ರದ ಕಾಗದವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಯೂರೋಪಿನ ಉದ್ದಗಲಕ್ಕೂ ಇದ್ದ ಕೇಂದ್ರಗಳಿಂದ ಆ ದಿನದ ದಾಖಲೆ ತರಿಸಿಕೊಂಡರು. ಇಲ್ಲಿ ಬಂತು ನೋಡಿ ಹಲವು ಭಾಷೆ ಬಲ್ಲವರ ಬಲ. ಇಟಲಿಯ ವರದಿಯಾಗಲಿ ಜರ್ಮನಿಯದಾಗಲಿ ಪ್ರಾಗ್‌ನದಾಗಲಿ, ಯಾರ ಹಂಗೂ ಇಲ್ಲದೆ ತಾವೇ ಓದಿಕೊಂಡರು.

ಅವರು ಕಂಡದ್ದು ಏನು ಎಂದು ತಿಳಿಯಲು ಭೂಕಂಪದ ಅಲೆಗಳ ಬಗ್ಗೆ ಎರಡು ಮಾತು ಬೇಕು. ಭೂಕಂಪವಾದಾಗ ಮುಖ್ಯವಾಗಿ ಎರಡು ಬಗೆಯ ಅಲೆಗಳು ನೆಲದೊಳಗೆ ಹೊರಡುತ್ತವೆ. ಸೈದಾಪುರ ಸ್ಟೇಷನ್ನಿನಲ್ಲಿ ಗೂಡ್ಸ್ ರೈಲಿಗೆ ಇಂಜಿನ್ ತಾಗಿಸಿದಾಗ ಡಬ್ಬಿಯಿಂದ ಡಬ್ಬಿಗೆ ಧಡಧಡನೆ ಧಕ್ಕೆ ಸಾಗುತ್ತದಲ್ಲ, ಅಂಥದ್ದು ಮೊದಲನೆಯದು. ಬಾವಿಯ ಹಗ್ಗದ ಒಂದು ತುದಿ ಹಿಡಿದು ಝಾಡಿಸಿದರೆ ಹಾವಿನಂತೆ ಓಡುವ ಅಲೆ ಎರಡನೆಯದು. ಮೊದಲನೆಯದು ವೇಗದ್ದು, ಮುಂಚೆ ಬರುತ್ತದೆ, ಅದಕ್ಕೆ ಪಿ ಅಲೆ ಎನ್ನುತ್ತಾರೆ. ತಡವಾಗಿ ಬರುವುದು ಎಸ್ ಅಲೆ. ಯಂತ್ರದ ಕಾಗದದ ಮೇಲೆ ಇವನ್ನು ಬೇರೆ ಬೇರೆಯಾಗಿ ಗುರುತಿಸಿಕೊಟ್ಟವರು ಕಲ್ಕತ್ತಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. 1897ರ ಜೂನ್ 12ರ ಅಸ್ಸಾಂ ಮಹಾಭೂಕಂಪವನ್ನು ಅಧ್ಯಯನ ಮಾಡುತ್ತಾ ಅವರು ಈ ಮಾತಿಗೆ ಬಂದರು. ಭಾರತದ ನೆಲದ ದುಃಖವೊಂದು ಜಗತ್ತಿನ ವಿಜ್ಞಾನಕ್ಕೆ ಹೀಗೆ ದಾರಿ ತೋರಿತ್ತು.

ಅಂದರೆ ಒಂದು ಕೇಂದ್ರದಲ್ಲಿ ಒಂದು ಪಿ, ಒಂದು ಎಸ್ ಬರಬೇಕು. ಹತ್ತಿರದ ಕೇಂದ್ರಗಳಲ್ಲಿ ಹಾಗೇ ಬಂದಿತ್ತು. ಆದರೆ ಸುಮಾರು 300 ಕಿ.ಮೀ.ನಿಂದ 700 ಕಿ.ಮೀ. ದೂರದ ಕೇಂದ್ರಗಳಲ್ಲಿ ಎರಡೆರಡು ಪಿ, ಎರಡೆರಡು ಎಸ್ ಕಾಣಿಸಿಕೊಂಡಿದ್ದವು. ಭೂಕಂಪ ಒಂದೇ, ಆದರೆ ಸುದ್ದಿ ಎರಡು ಸಲ ತಲುಪಿದಂತೆ! ಯಂತ್ರದ ದೋಷ ಎಂದು ತಳ್ಳಿಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೇರೆ ಬೇರೆ ದೇಶದ, ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ದೋಷ ಇರುವುದು ಹೇಗೆ ಸಾಧ್ಯ?

ಅವರ ಉತ್ತರವನ್ನು ನಮ್ಮ ರಸ್ತೆಗಳ ಲೆಕ್ಕದಲ್ಲಿ ಹೇಳಬಹುದು. ಧನ್ವಾಡದಿಂದ ಇಬ್ಬರು ಒಂದೇ ಗಳಿಗೆಯಲ್ಲಿ ಬೈಕ್ ಹತ್ತಿ ಹೊರಟರು ಎನ್ನಿ. ಒಬ್ಬ ಹೊಲದ ದಾರಿ, ಹಳ್ಳಿ ದಾರಿ ಹಿಡಿದು ನೇರ ಹೋದ. ಇನ್ನೊಬ್ಬ ಮರಿಕಲ್‌ಗೆ ಇಳಿದು ರಾಯಚೂರು ಮಹಬೂಬ್‌ನಗರ ಹೆದ್ದಾರಿ ಸೇರಿಕೊಂಡ. ಹತ್ತಿರದ ಹಳ್ಳಿಗಾದರೆ ನೇರ ಹೋದವನೇ ಮೊದಲು ಮುಟ್ಟುತ್ತಾನೆ. ಹೆದ್ದಾರಿಯವನಿಗೆ ಸುತ್ತು ಹೆಚ್ಚು. ಆದರೆ ಊರು ದೂರವಾದಷ್ಟೂ ಹೆದ್ದಾರಿಯ ವೇಗ ಕೆಲಸ ಮಾಡುತ್ತದೆ. ಒಂದು ಹಂತದಿಂದ ಆಚೆಗೆ ಸುತ್ತು ಹಾಕಿ ಬಂದವನೇ ಮುಂದೆ, ನೇರ ಬಂದವನು ಹಿಂದೆ. ಎಲ್ಲಿಂದ ಆಚೆಗೆ ಅವನು ಮುಂದಾಗುತ್ತಾನೆ ಎಂದು ತಿಳಿದರೆ, ಇಬ್ಬರ ವೇಗವೂ ಗೊತ್ತಿದ್ದರೆ, ಹೆದ್ದಾರಿ ಧನ್ವಾಡದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ನೋಡದೆಯೇ ಲೆಕ್ಕ ಹಾಕಬಹುದು.

ಭೂಮಿಯಲ್ಲೂ ಹೀಗೇ. ಮೇಲಿನ ಕಲ್ಲಿನಲ್ಲೇ ಸಾಗಿದ ಅಲೆ ಒಂದು. ಕೆಳಕ್ಕೆ ಇಳಿದು, ವೇಗವಾಗಿ ಓಡಲು ಬಿಡುವ ಬೇರೆ ಜಾತಿಯ ಕಲ್ಲನ್ನು ಸೇರಿ, ಅಲ್ಲಿಂದ ಮತ್ತೆ ಮೇಲಕ್ಕೆ ಬಂದ ಅಲೆ ಇನ್ನೊಂದು. ಹಾಗಾದರೆ ಒಂದು ಆಳದಲ್ಲಿ ಕಲ್ಲಿನ ಗುಣ ಒಮ್ಮೆಲೇ ಬದಲಾಗಲೇಬೇಕು. ಅವರ ಲೆಕ್ಕದಲ್ಲಿ ಆ ಆಳ 54 ಕಿ.ಮೀ. ಎಂದು ಬಂತು. ಮುಂದಿನ ಅಳತೆಗಳಲ್ಲಿ ಆ ಪ್ರದೇಶಕ್ಕೆ ಇದಕ್ಕಿಂತ ಕಡಿಮೆ ಆಳ ಸಿಕ್ಕಿತು. ಆದರೆ ಗಡಿ ಇದೆ ಎಂಬ ಮಾತು ಸುಳ್ಳಾಗಲಿಲ್ಲ. ಆ ಗಡಿಯ ಮೇಲಿನದು ಭೂಕವಚ, ಕೆಳಗಿನದು ಮ್ಯಾಂಟಲ್. ಭೂಕವಚದ ಕೆಳಭಾಗದಲ್ಲಿ ಪಿ ಅಲೆ ಸೆಕೆಂಡಿಗೆ ಆರೇಳು ಕಿ.ಮೀ. ಓಡಿದರೆ, ಗಡಿ ದಾಟಿದೊಡನೆ ವೇಗ ಎಂಟು ಕಿ.ಮೀ.ಗೆ ಏರುತ್ತದೆ. ಇಂದು ಜಗತ್ತಿನ ಎಲ್ಲೆಡೆ ಈ ಗಡಿ ಸಿಕ್ಕಿದೆ. ಭೂಖಂಡಗಳ ಕೆಳಗೆ ಸಾಮಾನ್ಯವಾಗಿ 30ರಿಂದ 50 ಕಿ.ಮೀ., ದೊಡ್ಡ ಪರ್ವತಗಳ ಅಡಿಯಲ್ಲಿ ಅದಕ್ಕೂ ಹೆಚ್ಚು, ಸಾಗರದ ತಳದ ಕೆಳಗೆ ಹತ್ತು ಕಿ.ಮೀ.ಗೂ ಕಡಿಮೆ.

1910ರಲ್ಲಿ ಅವರು ಈ ಸಂಶೋಧನೆಯನ್ನು ಪ್ರಕಟಿಸಿದರು. ದೊಡ್ಡ ದೇಶದ ದೊಡ್ಡ ಪತ್ರಿಕೆಯಲ್ಲಿ ಅಲ್ಲ, ತಮ್ಮ ವೀಕ್ಷಣಾಲಯದ ವಾರ್ಷಿಕ ವರದಿಯಲ್ಲಿ. ಕ್ರೊವೇಷಿಯನ್ ಮತ್ತು ಜರ್ಮನ್ ಎರಡೂ ಭಾಷೆಗಳಲ್ಲಿ ಅದು ಅಚ್ಚಾಯಿತು. ಜರ್ಮನ್ ಆಗ ವಿಜ್ಞಾನದ ಭಾಷೆ, ಅದರಲ್ಲಿ ಮಾತ್ರ ಬರೆದಿದ್ದರೂ ನಡೆಯುತ್ತಿತ್ತು. ತಮ್ಮ ನುಡಿ ಬಿಡಲಿಲ್ಲ, ಲೋಕದ ನುಡಿಯನ್ನೂ ದೂರ ಮಾಡಲಿಲ್ಲ. ಎರಡು ಭಾಷೆಗಳ ನಡುವೆ ಬದುಕುವವರು ಇದನ್ನು ಗಮನಿಸಿದರೆ ಚೆನ್ನ.

ಗೋಡೆಗಳ ಬಗ್ಗೆ ಒಂದು ಉಪನ್ಯಾಸ

ಮೊಹೊ ಗಡಿಯ ಹೆಸರಿನಲ್ಲಿ ಅವರ ಇನ್ನೊಂದು ಕೆಲಸ ಮರೆಯಾಗಿಬಿಟ್ಟಿದೆ. ಸಾಮಾನ್ಯ ಜನರ ಮಟ್ಟಿಗೆ ಅದೇ ಹೆಚ್ಚು ಮುಖ್ಯ ಎನ್ನಬೇಕು. 1909ರ ಮಾರ್ಚ್‌ನಲ್ಲಿ, ಅಂದರೆ ಆ ಭೂಕಂಪಕ್ಕೆ ಏಳು ತಿಂಗಳು ಮೊದಲು, ಝಾಗ್ರೆಬ್‌ನ ಇಂಜಿನಿಯರುಗಳ ಸಂಘದಲ್ಲಿ ಅವರು ಒಂದು ಉಪನ್ಯಾಸ ಕೊಟ್ಟರು. ವಿಷಯ, ಭೂಕಂಪದಿಂದ ಕಟ್ಟಡಗಳಿಗೆ ಆಗುವ ಪರಿಣಾಮ. 1911ರಲ್ಲಿ ಅದು ಅಚ್ಚಾಯಿತು.

ನೆಲ ಹೇಗೆ ಅಲುಗುತ್ತದೆ ಎಂದು ತಿಳಿಯದೆ ಗಟ್ಟಿ ಮನೆ ಕಟ್ಟಲಾಗದು ಎಂಬುದು ಅವರ ನಿಲುವು. ಪ್ರತಿ ಕಟ್ಟಡಕ್ಕೂ ತನ್ನದೇ ಆದ ಒಂದು ತೂಗಾಟ ಇರುತ್ತದೆ. ಜೋಕಾಲಿಗೆ ಸರಿಯಾದ ಹೊತ್ತಿನಲ್ಲಿ ತಳ್ಳಿದರೆ ಅದು ಹೇಗೆ ಮೇಲೆ ಮೇಲೆ ಏರುತ್ತದೋ ಹಾಗೆ ನೆಲದ ತೂಗಾಟಕ್ಕೂ ಮನೆಯ ತೂಗಾಟಕ್ಕೂ ತಾಳ ಕೂಡಿದರೆ ಹಾನಿ ಹೆಚ್ಚುತ್ತದೆ. ಆ ಕಾಲಕ್ಕೆ ಇದು ಹೊಸ ಮಾತು. ಬೆಟ್ಟ, ಮೋಡ, ನಕ್ಷತ್ರ ಎಂದು ತಿರುಗುತ್ತಿದ್ದ ವಿಜ್ಞಾನಿ ಗೌಂಡಿಗಳ, ಇಂಜಿನಿಯರುಗಳ ಎದುರು ನಿಂತು ಗೋಡೆಯ ಮಾತಾಡಿದ್ದು ಸಣ್ಣ ವಿಷಯವಲ್ಲ. ಕೇಳಿಸಿಕೊಂಡವರು ಎಷ್ಟು ಜನ ಎಂಬುದು ಬೇರೆ ಮಾತು. ಭೂಕಂಪ ತಾಳುವ ಕಟ್ಟಡ ಎಂಬುದು ದೇಶ ದೇಶಗಳ ಕಾನೂನು ಪುಸ್ತಕಗಳಿಗೆ ಬರಲು ಇನ್ನೂ ಹಲವು ದಶಕ ಬೇಕಾದವು.

1921ರ ಕೊನೆಗೆ ಅವರು ನಿವೃತ್ತರಾದರು. ಅಷ್ಟರಲ್ಲಿ ಸಾಮ್ರಾಜ್ಯ ಮುರಿದು ಹೊಸ ರಾಜ್ಯ ಹುಟ್ಟಿತ್ತು. ಮಕ್ಕಳಲ್ಲಿ ಸ್ಟೆಪಾನ್ ಕೂಡ ಭೌತವಿಜ್ಞಾನಿಯಾಗಿ ಹೆಸರು ಮಾಡಿದರು. 1936ರ ಡಿಸೆಂಬರ್ 18ರಂದು ಝಾಗ್ರೆಬ್‌ನಲ್ಲಿ ಮೊಹೊರೊವಿಚಿಚ್ ನಿಧನರಾದರು. ವಯಸ್ಸು 79 ದಾಟಿತ್ತು. ಕಾಕತಾಳೀಯವೋ ಏನೋ, ಭೂಮಿಯ ನಡುವೆ ಕೇಂದ್ರಗೋಳವಿದೆ ಎಂದು 1906ರಲ್ಲಿ ಭೂಕಂಪದ ಅಲೆಗಳಿಂದಲೇ ತೋರಿಸಿದ್ದ ಓಲ್ಡ್‌ಹ್ಯಾಮ್ ತೀರಿಕೊಂಡದ್ದೂ ಅದೇ 1936ರ ಜುಲೈನಲ್ಲಿ. ಆ ಕೇಂದ್ರಗೋಳದೊಳಗೆ ಇನ್ನೊಂದು ಗಟ್ಟಿ ಗೋಳವಿದೆ ಎಂದು ಡೆನ್ಮಾರ್ಕಿನ ಇಂಗೆ ಲೇಹ್ಮನ್ ಎಂಬ ಮಹಿಳೆ ಪ್ರಕಟಿಸಿದ್ದೂ ಅದೇ ವರ್ಷ.

ಮುಂದೆ ಚಂದ್ರನ ಮೇಲಿನ ಒಂದು ಕುಳಿಗೆ, ಒಂದು ಕ್ಷುದ್ರಗ್ರಹಕ್ಕೆ ಅವರ ಹೆಸರಿಟ್ಟರು. ಅಮೆರಿಕದವರು ಸಮುದ್ರದ ತಳ ಕೊರೆದು ಮೊಹೊ ಗಡಿಯನ್ನೇ ಮುಟ್ಟಿಬಿಡುತ್ತೇವೆ ಎಂದು ಹೊರಟರು. 1961ರಲ್ಲಿ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಬಳಿ ಮೂರೂವರೆ ಸಾವಿರ ಮೀಟರಿಗೂ ಹೆಚ್ಚು ನೀರಿನ ಕೆಳಗೆ 183 ಮೀಟರ್ ಕೊರೆದರು. ಖರ್ಚು ಏರುತ್ತಾ ಹೋಯಿತು. 1966ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಹಣ ಸುರಿದವರ ಕೈಗೆ ಸಿಗದ ಗಡಿ, ಎರವಲು ಯಂತ್ರದಿಂದ ಶುರು ಮಾಡಿದವರ ಕಾಗದದ ಮೇಲೆ ಸಿಕ್ಕಿತ್ತು.

ಕಾವಲಿಯಿಂದ ಉಡುಪಿವರೆಗೆ

ನಮ್ಮ ಕಡೆ ಈ ಗಡಿಯ ಹುಡುಕಾಟ ನಡೆದದ್ದು 1972ರಿಂದ 1975ರ ನಡುವೆ. 1961ರಲ್ಲಿ ಹೈದರಾಬಾದ್‌ನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಸೋವಿಯತ್ ತಜ್ಞರ ನೆರವಿನೊಂದಿಗೆ ಈ ಕೆಲಸ ಕೈಗೆತ್ತಿಕೊಂಡಿತು. ಬಂಗಾಳ ಕೊಲ್ಲಿಯ ಕಡೆಯ ಕಾವಲಿಯಿಂದ ಅರಬ್ಬಿ ಸಮುದ್ರದ ಕಡೆಯ ಉಡುಪಿಯವರೆಗೆ ಸುಮಾರು 600 ಕಿ.ಮೀ. ಉದ್ದದ ಗೆರೆ. ಭೂಕಂಪ ಬರಲಿ ಎಂದು ಕಾಯುವಂತಿಲ್ಲ. ಹಾಗಾಗಿ ನೆಲಕ್ಕೆ ರಂಧ್ರ ಕೊರೆದು ಸ್ಫೋಟಕ ಸಿಡಿಸಿ ಸಣ್ಣ ಕಂಪನ ಎಬ್ಬಿಸುವುದು, ಗೆರೆಯುದ್ದಕ್ಕೂ ನೆಲದಲ್ಲಿ ನೆಟ್ಟ ಉಪಕರಣಗಳಲ್ಲಿ ಅದು ಬಂದು ತಲುಪುವ ಕ್ಷಣ ಬರೆದುಕೊಳ್ಳುವುದು. ದೇಶದಲ್ಲಿ ಈ ಬಗೆಯ ಮೊದಲ ಆಳ ಅಧ್ಯಯನ ಇದು. ಪೂರ್ವ ತೀರದ ಬಯಲು, ಕಡಪಾದ ಬೆಟ್ಟಸಾಲು, ಕರ್ನಾಟಕದ ಬಯಲುಸೀಮೆ, ಮಲೆನಾಡು ದಾಟಿ ಕರಾವಳಿಗೆ ಗೆರೆ ಮುಟ್ಟಿತು. ಮೊಹೊ ಗಡಿ ಈ ದಾರಿಯಲ್ಲಿ ಸುಮಾರು 34ರಿಂದ 41 ಕಿ.ಮೀ. ಆಳದಲ್ಲಿ ಏರಿಳಿಯುತ್ತಾ ಹೋಗುವುದು ತಿಳಿಯಿತು.

ಮುಂದೆ ದೂರದ ಭೂಕಂಪಗಳ ಅಲೆ ಬಳಸಿ ಇನ್ನಷ್ಟು ಅಧ್ಯಯನಗಳಾದವು. ಧಾರವಾಡದ ಹೆಸರು ಹೊತ್ತ ಹಳೆಯ ಶಿಲೆಗಳ ಈ ನಾಡಿನಲ್ಲಿ ಪೂರ್ವ ಭಾಗದ ಭೂಕವಚ ಸುಮಾರು 35 ಕಿ.ಮೀ. ದಪ್ಪ, ಪಶ್ಚಿಮ ಭಾಗದ್ದು ಅದಕ್ಕಿಂತ ದಪ್ಪ. ಧನ್ವಾಡ ಪೂರ್ವ ಭಾಗದಲ್ಲಿ ಬರುತ್ತದೆ. ಮೊದಲು ಹೇಳಿದ 35ರ ಲೆಕ್ಕ ಇಲ್ಲಿಂದ ಬಂದದ್ದು.

ಇನ್ನೊಂದು ಸಂಗತಿ. ನಾರಾಯಣಪೇಟೆ ಬಳಿಯ ಕೋಟಕೊಂಡ, ಮದ್ದೂರು ಕಡೆ ಕಿಂಬರ್ಲೈಟ್ ಎಂಬ ಅಪರೂಪದ ಶಿಲೆ ಇದೆ. ವಜ್ರ ಸಿಗಬಹುದೆಂದು ಭೂವಿಜ್ಞಾನಿಗಳು ಹುಡುಕಿಕೊಂಡು ಬರುವ ಕಲ್ಲು ಇದು. ಸುಮಾರು 110 ಕೋಟಿ ವರ್ಷಗಳ ಹಿಂದೆ ಮೊಹೊ ಗಡಿಗೂ ಎಷ್ಟೋ ಕೆಳಗಿನಿಂದ, 150 ಕಿ.ಮೀ.ಗೂ ಹೆಚ್ಚು ಆಳದಿಂದ, ಭೂಕವಚ ಸೀಳಿಕೊಂಡು ಮೇಲೆ ಬಂದದ್ದು. ಜಗತ್ತಿನ ಯಾವ ಯಂತ್ರವೂ ಹೋಗಲಾಗದ ಜಾಗದಿಂದ ಬಂದ ಕಲ್ಲು ಕೋಟಕೊಂಡದ ಹೊಲಗಳ ಪಕ್ಕದಲ್ಲಿದೆ.

ಆದರೆ ಈ ಗಟ್ಟಿ ಕಲ್ಲಿನ ನೆಲ ಅಲುಗುವುದಿಲ್ಲ ಎಂದು ಬಹುಕಾಲ ನಂಬಿದ್ದೆವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆ ನಂಬಿಕೆ ಮುರಿಯಿತು. ಇಲ್ಲಿಂದ ನೇರ ದೂರದಲ್ಲಿ ಸುಮಾರು 200 ಕಿ.ಮೀ. ಆಚೆ, ಲಾತೂರು ಜಿಲ್ಲೆಯ ಕಿಲ್ಲಾರಿ. ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇತ್ತು. ಭೂಕಂಪದ ಪ್ರಮಾಣ 6.2. ಹೈದರಾಬಾದಿನವರೆಗೂ ಕಂಪನ ಮುಟ್ಟಿತು. ಸತ್ತವರು ಎಂಟರಿಂದ ಹತ್ತು ಸಾವಿರ ಎಂದು ಅಂದಾಜು.

ಪೊಕುಪ್ಸ್ಕೊದ ಭೂಕಂಪವೂ ಹೆಚ್ಚು ಕಡಿಮೆ ಇಷ್ಟೇ ಬಲದ್ದು. ಅದು ಹಗಲು ಬಂದಿತ್ತು, ಇದು ಜನ ನಿದ್ದೆಯಲ್ಲಿದ್ದಾಗ ಬಂತು. ಅದಕ್ಕಿಂತ ದೊಡ್ಡ ವ್ಯತ್ಯಾಸ ಮನೆಗಳದ್ದು. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಗೋಡೆ ಮತ್ತು ಮಾಳಿಗೆ. ಗುಂಡುಕಲ್ಲನ್ನು ಮಣ್ಣಿನ ಕೆಸರಿನಲ್ಲಿ ಕೂಡಿಸಿದ ಎರಡು ಮೂರಡಿ ದಪ್ಪದ ಗೋಡೆ. ಹೊರ ಮೈಗೊಂದು ಸಾಲು ಕಲ್ಲು, ಒಳ ಮೈಗೊಂದು ಸಾಲು, ನಡುವೆ ಚಿಪ್ಪುಗಲ್ಲು, ಮಣ್ಣು. ಎರಡನ್ನೂ ಬೆಸೆಯುವ ಉದ್ದ ಕಲ್ಲು ಇಲ್ಲ, ಮೂಲೆಯಲ್ಲಿ ಹಿಡಿತ ಇಲ್ಲ. ನೆಲ ಅಲುಗಿದೊಡನೆ ಎರಡು ಮೈ ಬೇರೆಯಾಗಿ ಉದುರಿದವು, ತೊಲೆ ಜಾರಿತು, ಮಾಳಿಗೆಯ ಮಣ್ಣು ಟನ್ನುಗಟ್ಟಲೆ ಮಲಗಿದವರ ಮೇಲೆ ಬಿತ್ತು. ಪುನರ್ವಸತಿಯ ಹೊಸ ಊರುಗಳಲ್ಲಿ ಬಾಗಿಲು ಕಿಟಕಿಗಳ ಮೇಲೆ ಮನೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಹಾಯಿಸಿದರು. ನಡುವಿಗೆ ಪಟ್ಟಿ ಕಟ್ಟಿದಂತೆ ನಾಲ್ಕೂ ಗೋಡೆಗಳನ್ನು ಅದು ಒಟ್ಟಿಗೆ ಹಿಡಿಯುತ್ತದೆ. ಹಳೆಯ ಗೋಡೆಗೂ ಅಲ್ಲಲ್ಲಿ ರಂಧ್ರ ಮಾಡಿ, ಅಡ್ಡಲಾಗಿ ಕಬ್ಬಿಣ ಇಟ್ಟು ಕಾಂಕ್ರೀಟ್ ತುಂಬಿ ಎರಡು ಮೈ ಬೆಸೆಯಬಹುದು. ದೊಡ್ಡ ಖರ್ಚಿನ ಕೆಲಸವಲ್ಲ, ತಿಳಿದ ಗೌಂಡಿ ಬೇಕು.

2020ರ ಡಿಸೆಂಬರ್ 29ರಂದು ಕ್ರೊವೇಷಿಯಾದ ಪೆಟ್ರಿನ್ಯಾದಲ್ಲಿ 6.4 ಪ್ರಮಾಣದ ಭೂಕಂಪವಾಯಿತು. ಮೊಹೊರೊವಿಚಿಚ್ ಅಧ್ಯಯನ ಮಾಡಿದ ಅದೇ ಕುಪಾ ನದಿಯ ಸೀಮೆ. ಸತ್ತವರು ಏಳು ಮಂದಿ. ಅಲ್ಲೂ ಹೆಚ್ಚು ಕುಸಿದದ್ದು ಹಳೆಯ ಇಟ್ಟಿಗೆ ಮನೆಗಳು.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆಗಳು ಇನ್ನೂ ಇವೆ. ಕಲ್ಲು ಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮಣ್ಣು. ಬೇಸಿಗೆಯಲ್ಲಿ ಅವುಗಳಷ್ಟು ತಂಪು ಬೇರೆ ಮನೆ ಇಲ್ಲ. ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ಧಮ್ಮಸು ಮಾಡುವುದು ರೂಢಿ. ಹಳೆಯ ಮಣ್ಣನ್ನು ಕೆರೆದು ತೆಗೆಯುವವರು ಕಡಿಮೆ. ಹೀಗಾಗಿ ವರ್ಷದಿಂದ ವರ್ಷಕ್ಕೆ ಮಾಳಿಗೆ ಭಾರವಾಗುತ್ತಾ ಹೋಗುತ್ತದೆ, ಅದನ್ನು ಹೊತ್ತ ಗೋಡೆ ಮಾತ್ರ ಅಜ್ಜನ ಕಾಲದ್ದು.